ಐದರಲ್ಲಿ ಮೂರು ಮನುಷ್ಯ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಪ್ರಜಾಪ್ರಭುತ್ವ ವಿಸ್ತಾರಗೊಂಡಿತೆಂದು ಓದಿದಾಗಲೆಲ್ಲ ನನಗೆ ಆ ದೇಶದ ಲೆಕ್ಕಿಗರ ಮೇಲೆ ಗೌರವ ಹೆಚ್ಚುತ್ತದೆ. ಸಂಸತ್ತಿನ ಕೆಳಮನೆಯ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದೆಂದು 1787ರ ಸಂವಿಧಾನವೇ ವಿಧಿಸಿತ್ತು. ಹತ್ತಿಯ ಹೊಲದಲ್ಲಿ ಪೂರ್ತಿ ಆಳಾಗಿ ದುಡಿಯುತ್ತಿದ್ದವನು, ಹರಾಜಿನ ಕಟ್ಟೆಯ ಮೇಲೆ ಪೂರ್ತಿ ಬೆಲೆ ತರುತ್ತಿದ್ದವನು, ಜನಗಣತಿಯ ಪುಸ್ತಕಕ್ಕೆ ಬಂದೊಡನೆ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತಿದ್ದ. ಮತಗಟ್ಟೆಯ ಹತ್ತಿರ ಸೊನ್ನೆಯೇ ಆಗುತ್ತಿದ್ದ. ಆ ಮೂರು ಪಾಲಿನ ಫಲ ಮಾತ್ರ ಅವನ ಯಜಮಾನನ ರಾಜ್ಯಕ್ಕೆ ಸಲ್ಲುತ್ತಿತ್ತು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ ಇರಬೇಕು.

1819ರ ಕೊನೆಗೆ ಗುಲಾಮಗಿರಿಯುಳ್ಳ ರಾಜ್ಯಗಳು 11, ಇಲ್ಲದವು 11. ಮಿಸ್ಸೌರಿ ತನ್ನ ಗುಲಾಮರೊಡನೆ ಹೊಸ ರಾಜ್ಯವಾಗಿ ಒಕ್ಕೂಟದ ಒಳಬರಲು ನಿಂತಾಗ ತಕ್ಕಡಿ ವಾಲೀತೆಂದು ಮ್ಯಾಸಚೂಸೆಟ್ಸ್‌ನಿಂದ ಮೇನ್ ಪ್ರದೇಶವನ್ನು ಬಿಡಿಸಿ ಎದುರು ತಟ್ಟೆಗೆ ಹಾಕಿದರು. ಪಶ್ಚಿಮದ ಹೊಸ ನೆಲದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದಿಂದ ಉತ್ತರಕ್ಕೆ ಗುಲಾಮಗಿರಿ ಸಲ್ಲದೆಂದು ಗೆರೆಯನ್ನೂ ಎಳೆದರು. ಆ ಗೆರೆಯ ಉತ್ತರಕ್ಕೇ ಇದ್ದ ಮಿಸ್ಸೌರಿಗೆ ಮಾತ್ರ ವಿನಾಯಿತಿ.

ಇನ್ನು ಮತದಾನದ ವಿಸ್ತಾರದ ಮಾತು. ನ್ಯೂಜೆರ್ಸಿಯಲ್ಲಿ 50 ಪೌಂಡಿನ ಆಸ್ತಿಯಿದ್ದ ಅವಿವಾಹಿತೆಯರೂ ವಿಧವೆಯರೂ ಸ್ವತಂತ್ರ ಕರಿಯರೂ ಮತ ಹಾಕುತ್ತಿದ್ದರು. 1807ರಲ್ಲಿ ಎಸೆಕ್ಸ್ ಕೌಂಟಿಯ ನ್ಯಾಯಾಲಯದ ಕಟ್ಟಡ ಯಾವ ಊರಿಗೆ ಸೇರಬೇಕೆಂದು ನಡೆದ ಮತದಾನದಲ್ಲಿ, ಒಮ್ಮೆ ಮತ ಹಾಕಿ ಹೋದ ಗಂಡಸರು ಲಂಗ ತೊಟ್ಟು ಹೆಂಗಸರಾಗಿ ಮರಳಿ ಬಂದು ಇನ್ನೊಮ್ಮೆ ಹಾಕಿದರೆಂಬ ದೂರು ಎದ್ದಿತು. ಶಾಸನಸಭೆ ಅದೇ ವರ್ಷ ಕಾನೂನು ತಂದು ಮತದಾನವನ್ನು ಬಿಳಿಯ ಗಂಡಸರಿಗಷ್ಟೇ ಉಳಿಸಿತು. ವೇಷ ಹಾಕಿದವನ ಹಕ್ಕು ಉಳಿಯಿತು, ಲಂಗವನ್ನು ನಿಜವಾಗಿಯೂ ಉಡುತ್ತಿದ್ದವಳ ಹಕ್ಕು ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನ್ಯೂಯಾರ್ಕ್ ಇನ್ನಷ್ಟು ಉದಾರವಾಗಿತ್ತು. 1821ರ ಹೊಸ ಸಂವಿಧಾನದಲ್ಲಿ ಅದು ಬಿಳಿಯ ಗಂಡಸಿನ ಮೇಲಿದ್ದ ಆಸ್ತಿಯ ಷರತ್ತನ್ನು ತೆಗೆದುಹಾಕಿತು. ರಸ್ತೆಯಲ್ಲಿ ಮಣ್ಣು ಹೊತ್ತಿದ್ದರೂ ಮತಕ್ಕೆ ಸಾಕೆಂದಿತು. ಅದೇ ಕೈಯಿಂದ, ಕರಿಯನ ಬಳಿ 250 ಡಾಲರ್ ಬೆಲೆಯ ಸ್ವಂತ ಜಮೀನು ಇರಲೇಬೇಕೆಂದೂ ಬರೆಯಿತು.

ಇವೆಲ್ಲಕ್ಕೂ ಮುಕುಟಪ್ರಾಯವಾದದ್ದು 1837ರ ಫೆಬ್ರವರಿಯಲ್ಲಿ ಕೆಳಮನೆಯಲ್ಲಿ ನಡೆಯಿತು. ಗುಲಾಮಗಿರಿಯ ವಿರುದ್ಧದ ಅರ್ಜಿಗಳನ್ನು ಚರ್ಚಿಸದೆ ಬದಿಗಿಡಬೇಕೆಂದು ಆ ಮನೆ ಹಿಂದಿನ ವರ್ಷವೇ ನಿಯಮ ಮಾಡಿಕೊಂಡಿತ್ತು. ದೇಶದ ಅಧ್ಯಕ್ಷಗಿರಿ ಮುಗಿಸಿ ಸಾಮಾನ್ಯ ಸದಸ್ಯರಾಗಿ ಬಂದಿದ್ದ ವೃದ್ಧ ಜಾನ್ ಕ್ವಿನ್ಸಿ ಆಡಮ್ಸ್ ಎದ್ದುನಿಂತು, ಗುಲಾಮರಿಂದಲೇ ಬಂದದ್ದೆಂದು ಹೇಳಲಾದ ಅರ್ಜಿಯೊಂದು ತಮ್ಮಲ್ಲಿದೆ, ಅದಕ್ಕೂ ಈ ನಿಯಮ ಅನ್ವಯಿಸುವುದೇ ಎಂದು ಸಭಾಧ್ಯಕ್ಷರನ್ನು ವಿನಯದಿಂದ ಕೇಳಿದರು. ದಕ್ಷಿಣದ ಸದಸ್ಯರು ಕೆಂಡವಾದರು. ಛೀಮಾರಿಯ ಗೊತ್ತುವಳಿಯೂ ಬಂತು. ಕೂಗಾಟ ಸಾಕಷ್ಟು ನಡೆದ ಮೇಲೆ ಆಡಮ್ಸ್, ಆ ಅರ್ಜಿ ಕೇಳಿರುವುದು ಗುಲಾಮಗಿರಿಯನ್ನು ತೆಗೆಯಬಾರದೆಂದೇ ಎಂದು ತಿಳಿಸಿದರು. ಇದರಿಂದ ಸಿಟ್ಟು ಇಮ್ಮಡಿಯಾಯಿತು. ಕೊನೆಗೆ ಮನೆ, ಗುಲಾಮರಿಗೆ ಅರ್ಜಿ ಸಲ್ಲಿಸುವ ಹಕ್ಕೇ ಇಲ್ಲವೆಂದು ಭಾರಿ ಬಹುಮತದಿಂದ ನಿರ್ಣಯಿಸಿತು. ಆ ಬಹುಮತದಲ್ಲಿದ್ದ ದಕ್ಷಿಣದವರ ಕೆಲವು ಕುರ್ಚಿಗಳು ಅದೇ ಗುಲಾಮರ ಐದರಲ್ಲಿ ಮೂರು ಪಾಲಿನಿಂದ ದೊರೆತವು.