ಕಿವಿಯ ಮೆಷಿನ್ ಬೆಲೆಗಿಂತ ಟ್ಯೂನಿಂಗ್ ಮುಖ್ಯ
ವಯಸ್ಸಾದವರ ಹಿಯರಿಂಗ್ ಏಡ್ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿ ಬೆಲೆ, ಬ್ಲೂಟೂತ್, ಸದ್ದನ್ನು ಭಾಗ ಮಾಡಿ ಹೊಂದಿಸುವ ಚಾನೆಲ್ ಎಲ್ಲ ಇದೆ. ಟ್ಯೂನಿಂಗ್‌ಗೆ, ಅಂದರೆ ಅವರವರ ಕಿವಿಗೆ ತಕ್ಕಂತೆ ಮೆಷಿನ್ ಹೊಂದಿಸುವುದಕ್ಕೆ, ಮಾತ್ರ ಒಂದೇ ಸಾಲು. ನನ್ನ ಪ್ರಕಾರ ಅದೇ ಮುಖ್ಯ.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕೇಳದಾಗುವುದು ತೆಳ್ಳಗಿನ, ಕೀಚು ಸದ್ದುಗಳು. ನಮ್ಮ ಅತ್ತೆಗೆ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಆದರೆ 'ಸ', 'ಶ', 'ತ' ಜಾರಿಹೋಗುತ್ತವೆ. "ಸಾರು ಬೇಕಾ?" ಅಂದರೆ "ಯಾರು ಬೇಕು?" ಅಂತಾರೆ. ಇಂಥವರಿಗೆ ಕಿರುಚಿ ಹೇಳಿದರೆ ಪ್ರಯೋಜನವಿಲ್ಲ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಆಂಪ್ಲಿಫೈಯರ್ ಕೂಡ ಎಲ್ಲ ಸದ್ದನ್ನೂ ಜೋರು ಮಾಡುತ್ತದೆ ಅಷ್ಟೇ. ಮಿಕ್ಸಿ ಸದ್ದಿಗೆ ತಲೆ ಸಿಡಿಯುತ್ತದೆ, ಮಾತು ಮಾತ್ರ ತಿಳಿಯಲ್ಲ. ಮೊದಲು ಆಡಿಯೋಗ್ರಾಮ್ (ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ತೋರಿಸುವ ಕಿವಿ ಪರೀಕ್ಷೆಯ ನಕ್ಷೆ) ಮಾಡಿಸಿ, ಅದರ ಪ್ರಕಾರ ಮೆಷಿನ್ ಸೆಟ್ ಮಾಡಿಸಬೇಕು. ಮೆಷಿನ್ ಹಾಕಿದ ಶುರುವಿನಲ್ಲಿ ತಟ್ಟೆ ಲೋಟದ ಸದ್ದೂ ಕಿರಿಕಿರಿಯೇ. ಸುಮ್ನೆ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಡುವ ಬದಲು ಮತ್ತೆ ಹೋಗಿ ಹೊಂದಿಸಿಕೊಂಡು ಬರುವುದು ವಾಸಿ ಅಲ್ವಾ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಪರೀಕ್ಷೆ, ಮೆಷಿನ್ ಆಯ್ಕೆ ಎರಡೂ ಅಲ್ಲೇ ಆಗುತ್ತದೆ. ಆದಾಯ ಕಡಿಮೆ ಇದ್ದು, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಪ್ರಮಾಣಪತ್ರ ಇದ್ದವರು ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯ ಬಗ್ಗೆಯೂ ವಿಚಾರಿಸಿ.

ಇನ್ನೊಂದು, ಮೆಷಿನ್‌ಗೆ ಹಾಕುವ ಬಟನ್ ಸೆಲ್ ವಿಷಯ. ಗಾಳಿ ತಗುಲಿದಾಗ ಕೆಲಸ ಮಾಡುವ ಜಿಂಕ್-ಏರ್ ಸೆಲ್ಲಿನ ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಕಿತ್ತ ಕ್ಷಣದಿಂದಲೇ ಅದು ಖರ್ಚಾಗುತ್ತದೆ, ಮತ್ತೆ ಅಂಟಿಸಿದರೂ ಉಳಿಯಲ್ಲ.