ಪಾರ್ಕಿನಲ್ಲಿ ವೀಲ್‌ಚೇರ್ ಬಳಸೋರಿಗೆ ಅಂತ ಕಟ್ಟಿದ ಶೌಚಾಲಯಕ್ಕೆ ಒಳಕ್ಕೆ ತೆರೆಯೋ ಬಾಗಿಲು ಹಾಕಿದ ಮಹಾನುಭಾವ ಯಾರು?

ಅಲ್ಲ ಸ್ವಾಮಿ, ಆ ಬಾಗಿಲಿಗೆ ಕೀಲು ಕೂರಿಸುವಾಗ ಒಂದು ನಿಮಿಷ ಯೋಚನೆ ಮಾಡೋಕೆ ಆಗ್ಲಿಲ್ವಾ? ಹೊರಗೋಡೆ ಮೇಲೆ ವೀಲ್‌ಚೇರ್ ಚಿತ್ರ ಮಾತ್ರ ಆಳೆತ್ತರ!

ವೀಲ್‌ಚೇರಲ್ಲಿ ಬಂದ ಒಬ್ಬ ಮಹಿಳೆ ಒಳಗೆ ಹೋದರು. ಹೋದರು ಅಂದ್ರೆ, ಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜಿಕೊಂಡೇ ಹೋದರು. ಬಾಗಿಲು ಹಾಕೋಕೆ ನೋಡಿದ್ರೆ ಕುರ್ಚಿಗೇ ಬಡಿದು ನಿಂತಿತು. ಮುಂದಕ್ಕೆ ಸರಿಯೋಣ ಅಂದ್ರೆ ಕಮೋಡ್. ತಿರುಗೋಣ ಅಂದ್ರೆ ಬೇಸಿನ್. ಮತ್ತೆ ತಳ್ಳಿದರು, ಮತ್ತೆ ಟಕ್. ಹೊರಗಿನ ಸಾಲು ಆ ಟಕ್ ಟಕ್ ಕೇಳಿಸಿಕೊಳ್ತಾ ಮೊಬೈಲ್ ನೋಡೋ ನಾಟಕ ಆಡ್ತಿತ್ತು. ಕೊನೆಗೆ ಯಾರೋ ಕೊಡೆ ಬಿಚ್ಚಿ ಅಡ್ಡ ಹಿಡಿದರು. ಮಳೆಯಿಲ್ಲ, ಬಿಸಿಲಿಲ್ಲ, ಕೊಡೆ!

ವೀಲ್‌ಚೇರ್ ತಿರುಗೋಕೆ 1500 ಮಿ.ಮೀ. ಅಗಲದ ವೃತ್ತ ಬೇಕು. ನಕ್ಷೆಯಲ್ಲಿ ಇರುತ್ತೆ, ಚೆಂದಾಗಿ, ಚುಕ್ಕಿ ಗೆರೆಯಲ್ಲಿ. ಅದರ ಮೇಲೇ ಬಾಗಿಲು ಬೀಸಿದ್ರೆ ವೃತ್ತ ಕಾಗದದಲ್ಲೇ ಉಳೀತು. ಬಾಗಿಲು ಚೌಕಟ್ಟು ಸೇರಿ 900 ಮಿ.ಮೀ. ಅಂತೆ! ಎರಡೂ ಕಡೆ ಚೌಕಟ್ಟು ತಲಾ 60, ತೆರೆದು ನಿಂತ ಹಲಗೆ ದಪ್ಪ 35 ಕಳೀರಿ, ಸಿಗೋದು 745. ಬೇಕಿದ್ದದ್ದು ಹಾದುಹೋಗೋಕೆ 900 ಕಣ್ರೀ, ಬಿಲ್ಲಿನಲ್ಲಿ ಬರೆಯೋಕೆ ಅಲ್ಲ. ಇನ್ನು ಒಳಗೆ ಯಾರಾದರೂ ಜಾರಿ ಬಿದ್ದರೆ? ಬಿದ್ದವರ ಮೈಯೇ ಬಾಗಿಲಿಗೆ ಅಗುಳಿ.

ಹೊರಗೆ 150 ಮಿ.ಮೀ. ಎತ್ತರದ ಮೂರು ಮೆಟ್ಟಿಲು. ಅಂದ್ರೆ 1:12 ಇಳಿಜಾರಿಗೆ, ಒಂದಡಿ ಏರೋಕೆ ಹನ್ನೆರಡಡಿ ಉದ್ದದ ಲೆಕ್ಕದಲ್ಲಿ, ರ‍್ಯಾಂಪ್ 5.4 ಮೀಟರ್ ಬೇಕು. ಹಾಕಿರೋದು 2. ಜಾರುಬಂಡೆ ಅಂತ ಮಕ್ಕಳಿಗೆ ಕೊಟ್ಟುಬಿಡಿ. ಹಿಡಿದುಕೊಳ್ಳೋ ಕಂಬಿಯೋ, ಟೊಳ್ಳು ಇಟ್ಟಿಗೆಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ. ಮೈಭಾರ ಬಿದ್ದ ದಿನ ಟೈಲ್ಸ್ ಸಮೇತ ಕೈಗೆ ಬರುತ್ತೆ.

ಹೋಗ್ಲಿ ಬಿಡಿ. ಎಷ್ಟೋ ಪಾರ್ಕುಗಳಲ್ಲಿ ಈ ಕೋಣೆಯಲ್ಲಿ ಪೊರಕೆ, ಫಿನೈಲ್ ಇಟ್ಟು ಬೀಗ ಜಡಿದಿರ್ತಾರೆ. ಇಲ್ಲಿ ತೆರೆದಾದ್ರೂ ಇದೆ.

ಇಲ್ಲ, ಯಾಕ್ ಬಿಡ್ಬೇಕು? ಕೀಲು ಬಿಚ್ಚಿ ಬಾಗಿಲನ್ನ ಹೊರಮುಖ ಮಾಡಿ, ಹಳೇ ಕೀಲಿನ ಕಚ್ಚಿಗೆ ಮರದ ಪಟ್ಟಿ ತುಂಬಿ, ಒಳಗಡೆ ಎಳೆದುಕೊಳ್ಳೋಕೆ ಒಂದು ಅಡ್ಡ ಹಿಡಿಕೆ, ಹೊರಗಿಂದ ನಾಣ್ಯದಲ್ಲಿ ತಿರುಗಿಸಬಹುದಾದ ಚಿಲಕ. ಬಡಗಿಗೆ ಒಂದು ದಿನದ ಕೆಲಸ.

ಅಳತೆ ಪರೀಕ್ಷೆ ಮಾಡೋ ನಾವೇನು ಕಮ್ಮಿ? 1:12, 1500, 900 ಅಂತ ಮಂತ್ರ ಹೇಳ್ಕೊಂಡು, ಗಾರೆ ಒಣಗಿದ ಮೇಲೆ ಟೇಪು ಹಿಡ್ಕೊಂಡು ಬರೋ ಪುರೋಹಿತರು!

ಆದ್ರೂ ಕೇಳ್ತೀನಿ. ಕೆಲಸ ಮುಗಿದಿದೆ ಅಂತ ಸಹಿ ಹಾಕಿದವರು ವೀಲ್‌ಚೇರಲ್ಲಿ ಕೂತು, ಒಳಗೆ ಹೋಗಿ, ಒಂದೇ ಒಂದು ಸಲ ಚಿಲಕ ಹಾಕಿ ನೋಡಿದ್ರಾ? ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಯಾರಾದ್ರೂ.