ಶ್ರೀ ಮೀಠಿ ತೀರ್ಥ ಮಹಾತ್ಮೆ

ಮುಂಬಯಿಯಲ್ಲಿ ಇಲ್ಲದ ದೇವರಿಲ್ಲ. ಪ್ರಭಾದೇವಿಯಲ್ಲಿ ಸಿದ್ಧಿವಿನಾಯಕನಿದ್ದಾನೆ, ಸಮುದ್ರಕ್ಕೆ ಬೆನ್ನು ಕೊಟ್ಟು ಮಹಾಲಕ್ಷ್ಮಿ ಕೂತಿದ್ದಾಳೆ, ಶನಿವಾರದ ಶನಿಪೂಜೆಗೆ ನಮ್ಮ ಊರಿನವರು ಚಾಳು ಚಾಳಿನಲ್ಲೂ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಇಲ್ಲದ್ದು ಒಂದೇ, ಮುಳುಗಿ ಎದ್ದರೆ ಪಾಪ ತೊಳೆದುಹೋಗುವಂಥ ನದಿ. ಅದಕ್ಕಾಗಿ ಕುರ್ಲಾ ಟರ್ಮಿನಸ್ಸಿನಲ್ಲಿ ರೈಲು ಹತ್ತಿ, ರಿಸರ್ವೇಶನ್ ಇದ್ದರೂ ನಿಂತುಕೊಂಡೇ ಪ್ರಯಾಗದವರೆಗೆ ಹೋಗಬೇಕು. ಈ ಖರ್ಚೆಲ್ಲ ದಂಡ. ಮೀಠಿ ಎಂಬ ಪವಿತ್ರ ನದಿ ಕುರ್ಲಾದಲ್ಲೇ ಹರಿಯುತ್ತಿದೆ, ಮೂಗು ಮುಚ್ಚಿಕೊಂಡು ಓಡಾಡುವ ನಮಗೆ ಅದರ ಮಹಿಮೆ ತಿಳಿದಿರಲಿಲ್ಲ, ಅಷ್ಟೆ.

ಈ ಜ್ಞಾನೋದಯಕ್ಕೆ 2025ರ ಮಹಾಕುಂಭ ಕಾರಣ. ಆ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಸಿರು ನ್ಯಾಯಮಂಡಳಿಗೆ ಒಂದು ವರದಿ ಕೊಟ್ಟಿತು. ಪ್ರಯಾಗದ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸ್ನಾನಕ್ಕೆ ತಕ್ಕ ಮಿತಿಯನ್ನು ದಾಟಿದೆ ಎಂದು ಅದರಲ್ಲಿತ್ತು. ಆ ಮಿತಿಯೇನೂ ಜಿಪುಣರು ಬರೆದದ್ದಲ್ಲ. ನೂರು ಮಿಲಿಲೀಟರಿಗೆ 2500ರವರೆಗೆ ಸರ್ಕಾರ ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿದೆ. ಅದೇ ದಿನಗಳಲ್ಲಿ ಇನ್ನೊಂದು ಸುದ್ದಿಯೂ ಹೊರಬಿತ್ತು: ಗಂಗೆಯಲ್ಲಿ 1100 ಬಗೆಯ ಬ್ಯಾಕ್ಟೀರಿಯೋಫೇಜ್‌ಗಳಿವೆ, ಅವು ಕ್ರಿಮಿಗಳನ್ನೆಲ್ಲ ತಿಂದು ತೇಗುತ್ತವೆ, ಆದ್ದರಿಂದ ಎಷ್ಟು ಕೋಟಿ ಜನ ಮಿಂದರೂ ನೀರು ಪರಿಶುದ್ಧ! ಮೊದಲ ಸುದ್ದಿಯನ್ನು ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ಯಾರೂ ಹಂಚಲಿಲ್ಲ. ಎರಡನೆಯದು ಡೊಂಬಿವಿಲಿಯಿಂದ ಹೊರಟು, ಥಾಣೆ ಸುತ್ತಿ, ಮೀರಾ ರೋಡಿನ ಸೋದರಮಾವನ ಮೂಲಕ ನನಗೆ ವಾಪಸು ಬಂತು, ಕೈಮುಗಿದ ಚಿತ್ರಗಳ ಸಮೇತ.

ಫೇಜ್ ಇರುವುದು ನಿಜ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ನಿಜ. ಅದೊಂದು ವೈರಸ್. ತನ್ನ ಗುರಿಯ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ತನ್ನ ವಂಶವಾಹಿಯನ್ನು ಅದರೊಳಗೆ ಚುಚ್ಚುತ್ತದೆ. ಒಳಗೆ ಮರಿಗಳು ತಯಾರಾಗಿ, ಗೋಡೆ ಒಡೆದು ಹೊರಬಂದು, ಪಕ್ಕದ ಬ್ಯಾಕ್ಟೀರಿಯಾದ ಬಾಗಿಲು ತಟ್ಟುತ್ತವೆ. ಆದರೆ ಈ ಸಂಸಾರ ನಡೆಯಬೇಕಾದರೆ ಬ್ಯಾಕ್ಟೀರಿಯಾ ಇರಲೇಬೇಕು. ಎಲ್ಲಿ ಬ್ಯಾಕ್ಟೀರಿಯಾ ಹೇರಳವೋ ಅಲ್ಲಿ ಫೇಜ್ ಹೇರಳ. ಹಾಗಿರುವಾಗ ಸಾವಿರದ ನೂರು ಬಗೆಯ ಫೇಜ್ ಇದೆಯೆಂದು ನದಿಯ ಶುದ್ಧಿಗೆ ಸರ್ಟಿಫಿಕೇಟ್ ಕೊಡುವುದು ಎಂಥ ಲೆಕ್ಕ? ಒಂದು ಗಲ್ಲಿಯ ಮೂಲೆಮೂಲೆಯಲ್ಲಿ ಸಾವಿರದ ನೂರು ಪೊಲೀಸರು ನಿಂತಿದ್ದಾರೆಂದರೆ, 'ಆಹಾ, ಎಷ್ಟು ಸಜ್ಜನರ ಗಲ್ಲಿ' ಎಂದು ನೀವು ಅಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತೀರಾ?

ಇನ್ನೊಂದು ವಿಷಯ. ಫೇಜ್ ಮಹಾ ಹಠಮಾರಿ, ಕಂಡದ್ದನ್ನೆಲ್ಲ ತಿನ್ನುವುದಿಲ್ಲ. ಕಾಲರಾದ ಫೇಜ್ ಟೈಫಾಯ್ಡ್ ಕ್ರಿಮಿಯನ್ನು ಕಣ್ಣೆತ್ತಿಯೂ ನೋಡದು. ಒಂದೇ ಜಾತಿಯೊಳಗೂ ಈ ತಳಿ ಬೇಕು, ಆ ತಳಿ ಬೇಡ ಎನ್ನುತ್ತದೆ. (ಮ್ಯಾಟ್ರಿಮೋನಿ ಜಾಹೀರಾತು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಕಾಮಾಲೆ ತರುವ ಹೆಪಟೈಟಿಸ್ ವೈರಸ್ಸು, ಬ್ಯಾಕ್ಟೀರಿಯಾವೇ ಅಲ್ಲ, ಅದರೆದುರು ಫೇಜ್ ನಿರುದ್ಯೋಗಿ. ಆಮಶಂಕೆಯ ಅಮೀಬಾ, ಕಾರ್ಖಾನೆಯ ಎಣ್ಣೆ, ಸೀಸ, ಬಣ್ಣ, ಇವು ಯಾವುವೂ ಅದರ ಖಾತೆಗೆ ಬರುವುದಿಲ್ಲ.

ಇರಲಿ, ತರ್ಕವನ್ನು ನಾವು ಬದಲಿಸುವುದು ಬೇಡ. ಅದನ್ನೇ ಹಿಡಿದು ಮೀಠಿಯ ದಂಡೆಗೆ ಬರೋಣ. ಫೇಜ್ ಬೇಕಾದ ಸಂಶೋಧಕರು ಜಗತ್ತಿನಲ್ಲೆಲ್ಲ ಮೊದಲು ಬಾಟ್ಲಿ ಹಿಡಿದು ಹೋಗುವುದು ಚರಂಡಿಗೆ, ಅದರಲ್ಲೂ ಆಸ್ಪತ್ರೆಯ ಚರಂಡಿ ಎಂದರೆ ಅವರಿಗೆ ಪ್ರಾಣ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿಯಲ್ಲಿ ಹುಟ್ಟುವ ಮೀಠಿ ಸುಮಾರು 18 ಕಿಲೋಮೀಟರ್ ಹರಿಯುತ್ತಾಳೆ. ಸಾಕಿನಾಕಾದ ವರ್ಕ್‌ಶಾಪು, ಕುರ್ಲಾದ ಗುಜರಿ, ಧಾರಾವಿಯ ಮೋರಿ ಎಲ್ಲರನ್ನೂ ಮಾತಾಡಿಸಿಕೊಂಡು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳಿಗೆ ಮುಖ ತೋರಿಸಿ, ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರುತ್ತಾಳೆ. ಫೇಜ್ ಸಂಪತ್ತಿನ ಮೇಲೆ ಪಾವಿತ್ರ್ಯ ಅಳೆಯುವುದಾದರೆ ಇವಳ ಎದುರು ಯಾವ ನದಿ ನಿಂತೀತು?

ಇದಕ್ಕೆ ಪವಾಡದ ಸಾಕ್ಷಿಯೂ ಉಂಟು. 2006ರ ಆಗಸ್ಟ್‌ನಲ್ಲಿ ಇದೇ ಮಾಹಿಮ್ ಖಾಡಿಯಲ್ಲಿ ಸಮುದ್ರದ ನೀರು ಸಿಹಿಯಾಯಿತೆಂದು ಸುದ್ದಿ ಹಬ್ಬಿತು. ರಾತ್ರೋರಾತ್ರಿ ಸಾವಿರಾರು ಜನ ಬಾಟ್ಲಿ, ಕ್ಯಾನು, ಮಕ್ಕಳನ್ನು ಎತ್ತಿಕೊಂಡು ನೀರಿಗಿಳಿದರು. ಕುಡಿದರು, ಕುಡಿಸಿದರು, ಮನೆಗೆ ಒಯ್ದರು. ಜಾತಿ ಧರ್ಮದ ಭೇದವಿರಲಿಲ್ಲ, ಮುಂಬಯಿಯ ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ಈ ಉದಾಹರಣೆಯನ್ನು ಯಾಕೋ ಬಿಟ್ಟುಬಿಡುತ್ತಾರೆ. ಅಧಿಕಾರಿಗಳು ಕುಡಿಯಬೇಡಿರೆಂದು ಬೊಬ್ಬೆ ಹೊಡೆದರು. ಮಳೆಗಾಲದಲ್ಲಿ ನದಿಯ ಸಿಹಿನೀರು ಉಪ್ಪುನೀರಿಗಿಂತ ಹಗುರವಾಗಿ ಮೇಲೆ ಉಳಿಯುತ್ತದೆ ಎಂದು ತಿಳಿದವರು ಹೇಳಿದರು. ಅಂದರೆ ಜನ ಭಕ್ತಿಯಿಂದ ಕುಡಿದದ್ದು ಮೀಠಿಯನ್ನೇ. ಮರುದಿನ ಗುಜರಾತಿನ ತೀಥಲ್ ಕಡಲತೀರದಲ್ಲೂ ನೀರು ಸಿಹಿಯಾಯಿತು. ಆ ವಾರವೇ ಉತ್ತರದಲ್ಲಿ ದೇವರ ಮೂರ್ತಿಗಳು ಹಾಲು ಕುಡಿದವು. ದೇವರಿಗೆ ಹಾಲು, ನಮಗೆ ಮೀಠಿ.

ಇಂಥ ಮಾತು ಹೇಳಿದರೆ ನಮ್ಮ ಸೊಸೈಟಿಯ ಸೆಕ್ರೆಟರಿ ಸಾಹೇಬರಿಗೆ ಕೋಪ. ಧಾರವಾಡದ ಕಡೆಯವರು, ನಿವೃತ್ತರು, ಎಲ್ಲ ವಾದಕ್ಕೂ ಅವರ ಹತ್ತಿರ ಒಬ್ಬ ಇಂಗ್ಲಿಷಿನವನಿರುತ್ತಾನೆ. "ಹ್ಯಾಂಕಿನ್ ಏನ್ ಹೇಳ್ಯಾನ, ಓದ್ರಿ ಮೊದಲ!" ಎಂದರು. ಓದಿದೆ. ಅರ್ನೆಸ್ಟ್ ಹ್ಯಾಂಕಿನ್ ಆಗ್ರಾದಲ್ಲಿದ್ದ ಬ್ಯಾಕ್ಟೀರಿಯಾ ತಜ್ಞ. ಗಂಗೆ ಯಮುನೆಯ ನೀರಿನಲ್ಲಿ ಕಾಲರಾ ಕ್ರಿಮಿ ಬೇಗ ಸಾಯುತ್ತದೆಂದು 1896ರಲ್ಲಿ ಪ್ರಕಟಿಸಿದ್ದು ಹೌದು. ಆ ನೀರನ್ನು ಕುದಿಸಿದರೆ ಶಕ್ತಿ ಹೋಗುತ್ತದೆಂದೂ ಬರೆದ. ಆತ ಫೇಜ್ ಎಂದಿರಲಿಲ್ಲ. ಅಂಥದ್ದೊಂದಿದೆ ಎಂದು ಫ್ರೆಡರಿಕ್ ಟ್ವೋರ್ಟ್ ಬರೆದದ್ದು 1915ರಲ್ಲಿ, ಫೆಲಿಕ್ಸ್ ದೆರೆಲ್ ಅದಕ್ಕೆ ಹೆಸರಿಟ್ಟದ್ದು 1917ರಲ್ಲಿ. ಈ ದೆರೆಲ್ ಮುಂದೆ 1927ರ ಹೊತ್ತಿಗೆ ನಮ್ಮ ದೇಶಕ್ಕೇ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದ, ಅಸ್ಸಾಮಿನ ಕಡೆಯಲ್ಲಿ ಹಲವು ವರ್ಷ ಅದರ ಪ್ರಯೋಗ ನಡೆಯಿತು. ನೂರು ವರ್ಷದ ಹಿಂದೆ ಈ ವಿದ್ಯೆಗೆ ಇಲ್ಲೇ ಗರಡಿಮನೆ ಇತ್ತು. ಆ ಕೆಲಸವನ್ನು ಮುಂದುವರಿಸಿದವರು ಯಾರು? ಜಾರ್ಜಿಯಾ ದೇಶದವರು, ತ್ಬಿಲಿಸಿಯ ಎಲಿಯಾವಾ ಸಂಸ್ಥೆ 1923ರಿಂದ ಇಂದಿನವರೆಗೂ ನಡೆಯುತ್ತಿದೆ. ನಾವು ಕೆಲಸವನ್ನು ಅವರಿಗೆ ಬಿಟ್ಟು ಹೆಮ್ಮೆಯನ್ನು ಇಟ್ಟುಕೊಂಡೆವು.

ಸೆಕ್ರೆಟರಿ ಸಾಹೇಬರ ದೇವರಮನೆಯಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ಕುಂಭದ ನೀರಿದೆ. "ಎಷ್ಟು ವರ್ಷ ಇಟ್ರೂ ಶಕ್ತಿ ಹೋಗಂಗಿಲ್ಲ." ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಫಾಗೊಬರ್ನ್ ಎಂಬ ಫೇಜ್ ಪರೀಕ್ಷೆ ನಡೆದಿತ್ತು. ಅದರ ಫಲಿತಾಂಶ 2019ರಲ್ಲಿ ಅಚ್ಚಾಯಿತು. ಪಕ್ಕಾ ಲ್ಯಾಬಿನಲ್ಲಿ ತಯಾರಾದ ಫೇಜ್ ಬಾಟ್ಲಿಯಲ್ಲೇ ಶಕ್ತಿ ಕಳೆದುಕೊಂಡು, ರೋಗಿಗೆ ಸಿಕ್ಕಿದ ಡೋಸ್ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಕಡಿಮೆಯಾಗಿ, ಹಳೆಯ ಬೆಳ್ಳಿ ಮುಲಾಮೇ ವಾಸಿ ಎನಿಸಿಕೊಂಡಿತು. ಪಾಪ, ಅವರಿಗೆ ಆ ಪ್ಲಾಸ್ಟಿಕ್ ಕ್ಯಾನ್ ಎಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲ.

ಇಷ್ಟು ಫೇಜ್‌ಭಕ್ತರಾದ ಸಾಹೇಬರು ಸೀನು ಬಂದರೆ ಮಾಡುವುದೇನು? ವಾಚ್‌ಮನ್‌ನನ್ನು ಕೆಳಗಿನ ಮೆಡಿಕಲ್‌ಗೆ ಓಡಿಸುತ್ತಾರೆ, ಅಝಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತರಲು. ಚೀಟಿ ಇಲ್ಲ, ಡಾಕ್ಟರಿಲ್ಲ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆ, ವೈದ್ಯರು ಬರೆದುಕೊಡದೆ ಇದನ್ನು ನುಂಗಬೇಡಿ ಎಂದು ಸಾರಲು 2016ರಲ್ಲಿ ಸರ್ಕಾರ ಅಭಿಯಾನವನ್ನೇ ಮಾಡಿತ್ತು. ಆ ಗೆರೆ ಈಗ ಅಂಗಡಿಯ ಹುಡುಗನಿಗೆ ಎಲ್ಲಿ ಕತ್ತರಿಸಬೇಕೆಂದು ತೋರಿಸಲು ಉಪಯೋಗಕ್ಕೆ ಬರುತ್ತದೆ. ಸೆಫಿಕ್ಸಿಮ್‌ನಂಥವು ಮಾರಿದರೆ ರೋಗಿಯ, ಡಾಕ್ಟರರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕೆಂದು 2014ರಿಂದ ನಿಯಮವಿದೆ. ಎರಡು ಮಾತ್ರೆಗೆ ಜ್ವರ ಇಳಿದರೆ ಉಳಿದವು ಡಬ್ಬಿಗೆ, ಮುಂದಿನ ಮಳೆಗಾಲಕ್ಕೆ, ಇಲ್ಲವೇ ಊರಿಂದ ಬರುವ ಬೀಗರಿಗೆ. ಹೀಗೆ ಅರೆಬರೆ ಪೆಟ್ಟು ತಿಂದು ಗಟ್ಟಿಯಾದ ಕ್ರಿಮಿಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ನಮಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕ್ರಿಮಿಯನ್ನು ಔಷಧಿಗೆ ಬಗ್ಗದಂತೆ ಮಾಡುವ ಒಂದು ಕಿಣ್ವಕ್ಕೆ ವಿದೇಶಿ ವಿಜ್ಞಾನಿಗಳು ನ್ಯೂಡೆಲ್ಲಿಯ ಹೆಸರಿಟ್ಟಿದ್ದಾರೆಂದು 2010ರಲ್ಲಿ ಸಂಸತ್ತಿನವರೆಗೂ ಗದ್ದಲವಾಯಿತು. ಕ್ರಿಮಿಯ ಮೇಲೆ ಯಾರೂ ಮಾನನಷ್ಟ ಹೂಡಲಿಲ್ಲ.

ಕಳೆದ ಸಲ ಕನ್ನಡ ಸಂಘದ ಹಾಲಿನಲ್ಲಿ ಒಬ್ಬ ಡಾಕ್ಟರರ ಉಪನ್ಯಾಸವಿತ್ತು. ಉಪ್ಪಿಟ್ಟು ಮೊದಲೇ ಕೊಟ್ಟಿದ್ದರಿಂದ ಜನ ಕಡಿಮೆ. ಅವರು ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಟಾಮ್ ಪ್ಯಾಟರ್ಸನ್ನರ ಕಥೆ ಹೇಳಿದರು. 2015ರಲ್ಲಿ ಈಜಿಪ್ಟ್ ಪ್ರವಾಸದಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹತ್ತಿ, ಯಾವ ಆಂಟಿಬಯೋಟಿಕ್ಕೂ ನಾಟದೆ ಕೋಮಾಕ್ಕೆ ಜಾರಿದ್ದರು. ರೋಗಾಣುವಿಗೆ ಒಪ್ಪುವ ಫೇಜ್‌ಗಳನ್ನು ಅವರ ಹೆಂಡತಿ ಊರೂರು ಹುಡುಕಿಸಿ, 2016ರಲ್ಲಿ ರಕ್ತನಾಳಕ್ಕೆ ಕೊಡಿಸಿದ ಮೇಲೆ ಎದ್ದು ಕೂತರು. ಬ್ರಿಟನ್ನಿನ ಒಬ್ಬ ಹುಡುಗಿಗೆ ಕೊಟ್ಟ ಮೂರು ಫೇಜ್‌ಗಳಲ್ಲಿ ಒಂದು ಸಿಕ್ಕಿದ್ದು ದಕ್ಷಿಣ ಆಫ್ರಿಕದ ಕೊಳೆತ ಬದನೆಕಾಯಿಯಲ್ಲಿ. ಸಾಹೇಬರು ಕೈ ಎತ್ತಿದರು.

"ಡಾಕ್ಟ್ರ, ಆ ಪ್ರೊಫೆಸರಗ ಕೊಟ್ಟದ್ದು ಎಲ್ಲಿಂದ ತಗದದ್ದು?"

"ಹೆಚ್ಚಾಗಿ ಚರಂಡಿ ನೀರಿಂದ ಸರ್. ಶೋಧಿಸಿ, ವಿಷ ತೆಗೆದು, ಶುದ್ಧ ಮಾಡಿ ಕೊಡ್ತಾರೆ."

"ಛಲೋ ಆತು! ಎಷ್ಟು ಶುದ್ಧ ಮಾಡಿದ್ರೂ ಮೂಲ ಮೋರಿನ ಅಲ್ಲೇನ್ರಿ? ನಾವು ಮಡಿ ಮಂದಿ."

"ಗಂಗಾನದಿಯಿಂದ ತೆಗೆದರೆ?"

"ಅದಕ್ಕ ಶೋಧಸೂದು ಯಾಕ್ ಬೇಕ್ರಿ? ಹಂಗ ಕುಡೀಬಹುದು!"

ಡಾಕ್ಟರರು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು. ಪಕ್ಕದಲ್ಲಿ ಕೂತಿದ್ದ ಹೋಟೆಲಿನ ಶೆಟ್ರು ಮಾತ್ರ ಇಡೀ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದರು. ಮೆಟ್ಟಿಲಿಳಿಯುವಾಗ ಕೇಳಿದರು:

"ಅಲ್ಲ ಮಾರಾಯ್ರೇ, ಮೀಠಿಯಲ್ಲಿ ಅಷ್ಟು ಉಂಟು ಅಂತಾದ್ರೆ ಬಾಟ್ಲಿ ಮಾಡಿ ಮಾರ್ಲಿಕ್ಕೆ ಲೈಸೆನ್ಸ್ ಯಾರು ಕೊಡುದು?"

"ಔಷಧಿ ಅಂತ ಮಾರಿದರೆ ಕಷ್ಟ ಶೆಟ್ರೇ. ಪರೀಕ್ಷೆ, ಪರವಾನಗಿ, ಒಬ್ಬೊಬ್ಬ ರೋಗಿಯ ಕ್ರಿಮಿಗೂ ಹೊಂದುವ ಫೇಜ್ ಹುಡುಕಬೇಕು. ವರ್ಷಗಟ್ಟಲೆ ಕೆಲಸ."

"ತೀರ್ಥ ಅಂತ ಮಾರಿದ್ರೆ?"

"ಏನೂ ಬೇಡ."

ಶೆಟ್ರ ಮುಖ ಅರಳಿತು. ಮರುಕ್ಷಣ ಬಾಡಿತು. "ಆದ್ರೆ ಮುನ್ಸಿಪಾಲಿಟಿಯವ್ರು ಎಲ್ಲಿಯಾದ್ರೂ ಮೀಠಿಯನ್ನು ಕ್ಲೀನ್ ಮಾಡಿಬಿಟ್ರೆ ನನ್ನ ಬಂಡವಾಳದ ಗತಿ ಎಂತ?"

ನಾನು ಧೈರ್ಯ ಹೇಳಿದೆ. ಮೀಠಿಯ ಹೂಳೆತ್ತಿದ ಲೆಕ್ಕ ತೋರಿಸಿ ಸುಮಾರು 65 ಕೋಟಿ ರೂಪಾಯಿ ನುಂಗಿದ ಆರೋಪದ ಮೇಲೆ 2025ರಲ್ಲಿ ಪೊಲೀಸರು ಕೇಸು ಹಾಕಿದ್ದಾರೆ, ಪೇಪರಿನಲ್ಲಿ ಬಂದಿದೆ ಎಂದೆ.

"ಹಾಗಾದ್ರೆ ಹೂಳು ಅಲ್ಲೇ ಉಂಟಾ?"

"ಆರೋಪ ನಿಜವಾದರೆ, ಎಷ್ಟೋ ಅಲ್ಲೇ ಉಂಟು."

"ಪುಣ್ಯಾತ್ಮರು," ಎಂದು ಶೆಟ್ರು ಅಲ್ಲೇ ನಿಂತು, ಬಾಟ್ಲಿಗೆ ರೇಟು ಕೇಳಲು ಭಿವಂಡಿಯ ಪ್ಲಾಸ್ಟಿಕ್‌ನವನಿಗೆ ಫೋನ್ ಹಚ್ಚಿದರು.